ನೋವು ಹೋಯಿತಲ್ಲ, ಇನ್ನೂ ಪೊರೆ ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹತ್ತಿರದ ಹಳ್ಳಿ. ಅಮ್ಮನಿಗೆ 67 ವರ್ಷ. ಶುಗರ್ ಇದೆ, ಚಳಿಗಾಲ ಬಂದರೆ ಉಬ್ಬಸವೂ ಕಾಡುತ್ತೆ. ಎಡಗಣ್ಣಿಗೆ 4 ವರ್ಷದ ಹಿಂದೆ ಪೊರೆ ಆಪರೇಷನ್ ಆಗಿದೆ, ಚೆನ್ನಾಗಿ ಕಾಣುತ್ತೆ. ಬಲಗಣ್ಣಿನಲ್ಲೂ ಪೊರೆ ಇದೆ ಅಂತ ಆಗಲೇ ಹೇಳಿದ್ದರು. ‘ಒಂದು ಕಣ್ಣು ಕಾಣ್ತಾ ಇದೆಯಲ್ಲ, ಇದು ಇನ್ನೂ ಬಲಿಯಲಿ’ ಅಂತ ಅಮ್ಮ ಮುಂದೂಡುತ್ತಲೇ ಬಂದರು. ಹೋದ ವಾರ ಒಂದು ರಾತ್ರಿ ಬಲಗಡೆ ತಲೆ ಸಿಡಿಯುವಂಥ ನೋವು ಬಂತು, ಎರಡು ಸಲ ವಾಂತಿ ಆಯಿತು. ಪಿತ್ತ ಅಂದುಕೊಂಡು ತಲೆನೋವಿನ ಮಾತ್ರೆ ಕೊಟ್ಟೆವು. ಕಣ್ಣು ಕೆಂಪಾದಾಗ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದೆವು. ನಾಲ್ಕನೇ ದಿನ ಹಾಸನಕ್ಕೆ ಕರೆದುಕೊಂಡು ಹೋದಾಗ ಕಣ್ಣಿನ ಒತ್ತಡ 54 ಇತ್ತು. ಪೊರೆ ಊದಿಕೊಂಡು ಗ್ಲಾಕೋಮಾ ಆಗಿದೆ ಅಂದರು. ಡ್ರಿಪ್ ಹಾಕಿ, ಮಾತ್ರೆ ಮತ್ತು ಡ್ರಾಪ್ಸ್ ಕೊಟ್ಟರು. ಈಗ ಒತ್ತಡ 20ಕ್ಕೆ ಇಳಿದಿದೆ, ನೋವೂ ಇಲ್ಲ. ಆ ಕಣ್ಣಿಗೆ ಕೈ ಆಡಿಸಿದರೆ ಗೊತ್ತಾಗುತ್ತೆ, ಟಾರ್ಚ್ ಯಾವ ಕಡೆಯಿಂದ ಬಿಟ್ಟರೂ ಸರಿಯಾಗಿ ಹೇಳುತ್ತಾರೆ. ಇದೇ ವಾರ ಪೊರೆ ತೆಗೆಯಬೇಕು ಅಂತ ಡಾಕ್ಟರ್ ಹೇಳುತ್ತಿದ್ದಾರೆ. ಆದರೆ ಗ್ಲಾಕೋಮಾಗೆ ಮದ್ದೇ ಇಲ್ಲ, ಆಪರೇಷನ್ ಮಾಡಿಸಿದರೆ ಇರುವ ಬೆಳಕೂ ಹೋಗುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಕಾಫಿ ಕೊಯ್ಲು ನಡೀತಾ ಇದೆ. ಮಾರ್ಚ್ ತನಕ ಡ್ರಾಪ್ಸ್‌ನಲ್ಲೇ ತಳ್ಳಬಹುದಾ? ಲೇಸರ್‌ನಲ್ಲಿ ಆಗಲ್ವಾ? ದೃಷ್ಟಿ ವಾಪಸ್ ಬರುತ್ತಾ? ಅಪ್ಪನಿಗೂ ಎರಡು ಕಣ್ಣಲ್ಲೂ ಪೊರೆ ಶುರುವಾಗಿದೆ. ಅವರೂ ‘ಕೊಯ್ಲು ಮುಗಿಯಲಿ’ ಅಂತಿದ್ದಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಾರ್ಚ್ ತನಕ ಕಾಯಬೇಡಿ. ನಿಮ್ಮ ಡಾಕ್ಟರ್ ಹೇಳಿದ ಹಾಗೆ ಇದೇ ವಾರ ಆಪರೇಷನ್ ಮಾಡಿಸಿ. ನೋವು ಹೋಗಿದೆ, ಒತ್ತಡ ಇಳಿದಿದೆ ಅಂತಲೇ ನೀವು ಕಾಯೋಣ ಅಂದುಕೊಂಡಿದ್ದೀರಿ. ನಮಗೆ ಆಪರೇಷನ್ ಮಾಡಲು ಬೇಕಾದ ಸಮಯ ಇದೇ. ಮತ್ತೆ ಇಂಥ ಅವಕಾಶ ಸಿಗುತ್ತದೆ ಅಂತ ಹೇಳಲಾಗದು.

ನಿಮ್ಮ ನೆಂಟರ ಮಾತಿನಲ್ಲಿ ಅರ್ಧ ನಿಜ ಇದೆ. ಅದಕ್ಕೇ ಅದು ಅಷ್ಟು ಹೆದರಿಸುತ್ತದೆ. ಸಾಮಾನ್ಯವಾಗಿ ನಾವು ನೋಡುವ ಗ್ಲಾಕೋಮಾ ಸದ್ದಿಲ್ಲದೆ ವರ್ಷಗಟ್ಟಲೆ ಕಣ್ಣಿನ ನರವನ್ನು ತಿನ್ನುತ್ತದೆ. ಅದನ್ನು ಪೂರ್ತಿ ವಾಸಿ ಮಾಡಲು ಆಗುವುದಿಲ್ಲ. ಡ್ರಾಪ್ಸ್ ಹಾಕುತ್ತಾ ಹತೋಟಿಯಲ್ಲಿ ಇಡಬಹುದು ಅಷ್ಟೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಅನ್ನುವುದೂ ನಿಜ. ಆದರೆ ನಿಮ್ಮ ತಾಯಿಯವರಿಗೆ ಬಂದಿರುವುದು ಆ ಜಾತಿಯದ್ದಲ್ಲ. ಇಲ್ಲಿ ಒತ್ತಡ ಏರಿದ್ದಕ್ಕೆ ಕಣ್ಣಿಗೆ ಕಾಣುವ ಒಂದು ಕಾರಣ ಇದೆ: ಊದಿಕೊಂಡ ಲೆನ್ಸ್. ಕಾರಣವನ್ನೇ ತೆಗೆದುಹಾಕಬಹುದಾದ ಗ್ಲಾಕೋಮಾಗಳು ಕಡಿಮೆ. ಇದು ಅವುಗಳಲ್ಲಿ ಒಂದು. ಪೊರೆ ಅಂದರೆ ಬೇರೇನೂ ಅಲ್ಲ, ಕಣ್ಣಿನೊಳಗೆ ಹುಟ್ಟಿನಿಂದಲೇ ಇರುವ, ಈಗ ಬೆಳ್ಳಗಾದ ಲೆನ್ಸೇ. ಹಾಗಾಗಿ ಇಲ್ಲಿ ಪೊರೆ ಆಪರೇಷನ್ನೇ ಗ್ಲಾಕೋಮಾದ ಚಿಕಿತ್ಸೆ. ಚೆನ್ನಾಗಿ ಕಾಣಲಿ ಅನ್ನುವುದು ಎರಡನೇ ಉದ್ದೇಶ.

ಒಳಗೆ ಏನಾಗಿದೆ ಅಂತ ತಿಳಿದುಕೊಂಡರೆ ಉಳಿದ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಕಣ್ಣಿನೊಳಗೆ ಸದಾ ಒಂದು ತಿಳಿ ನೀರು ತಯಾರಾಗುತ್ತಾ ಇರುತ್ತದೆ. ಅಳುವಾಗ ಬರುವ ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ನಿಮಿಷಕ್ಕೆ ಸುಮಾರು 2 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತ ಎಷ್ಟೋ ಕಡಿಮೆ. ಕಣ್ಣಿನಲ್ಲಿ ಬಣ್ಣ ಕಾಣುವ ಪರದೆಗೆ ಐರಿಸ್ ಅನ್ನುತ್ತೇವೆ. ಈ ನೀರು ಅದರ ಹಿಂದೆ ಹುಟ್ಟುತ್ತದೆ. ನಡುವಿನ ಪಾಪೆಯ ಮೂಲಕ ಮುಂದೆ ಬರುತ್ತದೆ. ಆಮೇಲೆ ಐರಿಸ್ ಮತ್ತು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿರುವ ಗಾಜಿನಂಥ ತಿಳಿ ಪದರ, ಸೇರುವ ಸಣ್ಣ ಕೋನದಲ್ಲಿ ಹೊರಗೆ ಹೋಗುತ್ತದೆ. ಕೆರೆಗೆ ನೀರು ಬರುತ್ತಲೇ ಇದ್ದು ತೂಬು ಮುಚ್ಚಿಕೊಂಡರೆ ಏನಾಗುತ್ತದೋ, ಈ ಕೋನ ಮುಚ್ಚಿದರೂ ಅದೇ ಆಗುತ್ತದೆ. ಸಾಮಾನ್ಯವಾಗಿ ಕಣ್ಣಿನ ಒತ್ತಡ 10ರಿಂದ 21ರ ಒಳಗೆ ಇರಬೇಕು. ಅಮ್ಮನಿಗೆ 54 ಇತ್ತು. ಅಷ್ಟು ಒತ್ತಡದಲ್ಲಿ ಕಣ್ಣಿನ ನರಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಅಂದಹಾಗೆ, ಇದಕ್ಕೂ ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಗೂ ಸಂಬಂಧ ಕಲ್ಪಿಸಬೇಡಿ. ಬಿಪಿ ನಾರ್ಮಲ್ ಇದ್ದವರಿಗೂ ಕಣ್ಣಿನ ಒತ್ತಡ ಏರುತ್ತದೆ.

ಪೊರೆ ಬಲಿಯುತ್ತಾ ಹೋದ ಹಾಗೆ ಲೆನ್ಸ್ ನೀರು ಹೀರಿಕೊಂಡು ದಪ್ಪಗಾಗುತ್ತದೆ. ಶುಗರ್ ಏರುಪೇರಾಗುತ್ತಿದ್ದರೆ ಈ ಊತ ಇನ್ನೂ ಬೇಗ ಆಗಬಹುದು. ದಪ್ಪಗಾದ ಲೆನ್ಸ್ ಐರಿಸ್ಸನ್ನು ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ. ಪಾಪೆಯಲ್ಲಿ ನೀರು ಮುಂದೆ ಬರಲು ಜಾಗ ಇರುವುದಿಲ್ಲ. ಐರಿಸ್ ಇನ್ನಷ್ಟು ಉಬ್ಬಿ ಕೋನವನ್ನು ಮುಚ್ಚಿಬಿಡುತ್ತದೆ. ಇಂಥ ಕಣ್ಣನ್ನು ಪರೀಕ್ಷೆ ಮಾಡುವಾಗ ನಮಗೆ ಕಾಣುವುದು ಹೀಗೆ: ಕಣ್ಣು ಕೆಂಪಗೆ, ಕಾರ್ನಿಯಾ ಮಬ್ಬಾಗಿರುತ್ತದೆ. ಪಾಪೆ ಅರ್ಧ ಅಗಲವಾಗಿ ನಿಂತಿರುತ್ತದೆ, ಟಾರ್ಚ್ ಬಿಟ್ಟರೂ ಕಿರಿದಾಗುವುದಿಲ್ಲ. ಅದರೊಳಗೆ ಬೆಳ್ಳಗೆ, ಮುತ್ತಿನ ಹೊಳಪಿನ ಲೆನ್ಸ್ ಮುಂದಕ್ಕೆ ನೂಕಿಕೊಂಡು ನಿಂತಿರುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಉಬ್ಬಿದ ಐರಿಸ್‌ನ ನೆರಳು ಆಚೆ ಬದಿಗೆ ಬೀಳುತ್ತದೆ. ಐರಿಸ್ ಮತ್ತು ಕಾರ್ನಿಯಾ ನಡುವಿನ ಜಾಗ ಒಂದು ಗೆರೆಯಷ್ಟು ಉಳಿದಿರುತ್ತದೆ.

ಲೆನ್ಸ್‌ನಿಂದ ಬರುವ ಗ್ಲಾಕೋಮಾಗೆ ಇನ್ನೊಂದು ದಾರಿಯೂ ಇದೆ. ಪೊರೆ ತೀರಾ ಬಲಿತು ಒಳಗಿನದೆಲ್ಲ ಕರಗಲು ಶುರುವಾದರೆ ಅದರ ಪ್ರೋಟೀನ್ ಚೀಲದಿಂದ ಸೋರುತ್ತದೆ. ಅದನ್ನು ನುಂಗಲು ಬಂದ ರಕ್ಷಣಾ ಕಣಗಳು ಕೋನದ ಜರಡಿಯಲ್ಲಿ ಸಿಕ್ಕಿಹಾಕಿಕೊಂಡು ನೀರು ಹೋಗದ ಹಾಗೆ ಮಾಡುತ್ತವೆ. ಅಲ್ಲಿ ಕೋನ ತೆರೆದೇ ಇರುತ್ತದೆ, ಆದರೂ ಒತ್ತಡ ಏರುತ್ತದೆ. ಅದಕ್ಕೂ ಚಿಕಿತ್ಸೆ ಒಂದೇ, ಲೆನ್ಸ್ ತೆಗೆಯುವುದು. ನಿಮ್ಮ ಡಾಕ್ಟರ್ ಊದಿಕೊಂಡಿದೆ ಅಂದಿದ್ದಾರೆ. ಹಾಗಾಗಿ ಅಮ್ಮನದು ಮೊದಲನೇ ಥರದ್ದು.

ಈಗ ‘ನೋವು ಹೋಯಿತಲ್ಲ’ ಅನ್ನುವ ಮಾತಿಗೆ ಬರೋಣ. ಡ್ರಿಪ್‌ನಲ್ಲಿ ಹಾಕಿದ್ದು ಸಾಮಾನ್ಯವಾಗಿ ಮ್ಯಾನಿಟಾಲ್. ಅದು ಕಣ್ಣಿನೊಳಗಿನ ನೀರನ್ನು ರಕ್ತಕ್ಕೆ ಎಳೆದುಕೊಳ್ಳುತ್ತದೆ. ಅದರ ಪರಿಣಾಮ ಕೆಲವು ಗಂಟೆ ಮಾತ್ರ. ಮಾತ್ರೆ ಅಸಿಟಜೋಲಮೈಡ್ ಇರಬೇಕು, ಡಯಾಮಾಕ್ಸ್ ಅನ್ನುವ ಹೆಸರಲ್ಲಿ ಸಿಗುತ್ತದೆ. ಅದು ನೀರು ತಯಾರಾಗುವುದನ್ನು ಕಡಿಮೆ ಮಾಡುತ್ತದೆ. ಡ್ರಾಪ್ಸ್‌ನ ಕೆಲಸವೂ ಹೆಚ್ಚುಕಡಿಮೆ ಅದೇ. ಇವುಗಳಲ್ಲಿ ಯಾವುದೂ ಲೆನ್ಸ್‌ನ ಊತವನ್ನು ಇಳಿಸುವುದಿಲ್ಲ. ಕೋನ ಮುಚ್ಚಿಕೊಂಡೇ ಇರಬಹುದು. ಅಮ್ಮನ 20 ಅನ್ನುವ ಅಂಕಿ ಔಷಧಿ ಹಿಡಿದಿಟ್ಟಿರುವ ಅಂಕಿ. ಔಷಧಿ ನಿಂತರೆ, ಎಷ್ಟೋ ಸಲ ಔಷಧಿ ನಡೆಯುತ್ತಿರುವಾಗಲೇ, ಅದು ಮತ್ತೆ ಮೇಲೆ ಹೋಗುತ್ತದೆ.

ಕಾಯುವುದರಲ್ಲಿ ಇನ್ನೂ ದೊಡ್ಡ ಅಪಾಯ ಒಂದಿದೆ. ಐರಿಸ್ ಕೋನಕ್ಕೆ ಒತ್ತಿಕೊಂಡು ಜಾಸ್ತಿ ದಿನ ಇದ್ದರೆ ಅಲ್ಲೇ ಅಂಟಿಬಿಡುತ್ತದೆ. ಈಗ ಲೆನ್ಸ್ ತೆಗೆದರೆ ಐರಿಸ್ ಹಿಂದೆ ಸರಿದು ಕೋನ ಬಿಡಿಸಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಬಹಳಷ್ಟು ಜನಕ್ಕೆ ಆಮೇಲೆ ಒತ್ತಡದ ಡ್ರಾಪ್ಸ್ ಬೇಕಾಗುವುದೇ ಇಲ್ಲ. ಎರಡು ತಿಂಗಳು ಬಿಟ್ಟು, ಅಂಟಿಕೊಂಡ ಮೇಲೆ ಮಾಡಿದರೆ ಲೆನ್ಸ್ ಹೋದರೂ ಕೋನ ತೆರೆಯದು. ಈಗ ಒಂದು ಆಪರೇಷನ್‌ನಲ್ಲಿ ಮುಗಿಯುವ ಕಾಯಿಲೆ ಆಗ ಜೀವನವಿಡೀ ಡ್ರಾಪ್ಸ್ ಬೇಡುವ ಕಾಯಿಲೆಯಾಗುತ್ತದೆ. ಕೆಲವರಿಗೆ ನೀರು ಹೊರಹೋಗಲು ಬೇರೆ ದಾರಿ ಮಾಡುವ ಎರಡನೇ ಆಪರೇಷನ್ ಕೂಡ ಬೇಕಾಗುತ್ತದೆ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ.

‘ಪೊರೆ ಬಲಿಯಲಿ’ ಅನ್ನುವ ಮಾತು ನಮ್ಮ ಕಡೆ ಯಾವ ಊರಿಗೆ ಹೋದರೂ ಕೇಳುತ್ತದೆ. ಹಿಂದಿನ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಆಗ ಕಣ್ಣಿನೊಳಗೆ ಕೂರಿಸುವ ಲೆನ್ಸ್ ಇರಲಿಲ್ಲ. ಆಪರೇಷನ್ ಆದವರು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡೇ ಓಡಾಡಬೇಕಿತ್ತು. ಹಾಗಾಗಿ ಪೂರ್ತಿ ಕಾಣದೇ ಹೋಗುವ ತನಕ ಕಾಯಿರಿ ಅನ್ನುತ್ತಿದ್ದರು. ಗಟ್ಟಿಯಾದ ಪೊರೆ ತೆಗೆಯಲು ಸುಲಭ ಅನ್ನುವ ಕಾರಣವೂ ಇತ್ತು. ಈಗ ಆ ಎರಡೂ ಕಾರಣ ಉಳಿದಿಲ್ಲ. ಪೊರೆ ಬಲಿತಷ್ಟೂ ಆಪರೇಷನ್ ಕಷ್ಟವಾಗುತ್ತದೆ. ಡಾಕ್ಟರ್ ಬಾಯಲ್ಲೂ ಎಲ್ಲಾದರೂ ‘ಇನ್ನೂ ಬಲಿತಿಲ್ಲ, ಆಮೇಲೆ ಬನ್ನಿ’ ಅಂತ ಕೇಳಿದರೆ, ಎಷ್ಟು ತಿಂಗಳಿಗೆ ಬರಬೇಕು ಅಂತ ಬಿಡದೆ ಕೇಳಿ, ಬರೆಸಿಕೊಳ್ಳಿ.

ಇನ್ನೊಂದು ವಿಷಯವನ್ನು ನಾನು ಪದೇ ಪದೇ ನೋಡುತ್ತೇನೆ. ಈ ತೊಂದರೆ ತಂದುಕೊಂಡು ಬರುವವರಲ್ಲಿ ಬಹಳಷ್ಟು ಜನಕ್ಕೆ ಒಂದು ಕಣ್ಣಿಗೆ ಆಗಲೇ ಆಪರೇಷನ್ ಆಗಿರುತ್ತದೆ. ಆ ಕಣ್ಣು ಚೆನ್ನಾಗಿ ಕಾಣುತ್ತದೆ. ಅಡುಗೆ ನಡೆಯುತ್ತದೆ, ಟೀವಿ ಕಾಣುತ್ತದೆ, ಬಸ್ಸಿನ ಬೋರ್ಡ್ ಓದಲು ಬರುತ್ತದೆ. ಇನ್ನೊಂದು ಕಣ್ಣು ಇದೆ ಅನ್ನುವುದೇ ಮರೆತುಹೋಗುತ್ತದೆ. ಮಗಳು ದೂರ ಇದ್ದಾಳೆ, ಮಗನಿಗೆ ಕೊಯ್ಲು, ಆಸ್ಪತ್ರೆಗೆ ಜೊತೆಗೆ ಬರುವವರಿಲ್ಲ ಅಂತ ದಿನ ಹೋಗುತ್ತಾ ಇರುತ್ತದೆ. ಅಮ್ಮಂದಿರು ತಮ್ಮ ಕಣ್ಣಿಗೋಸ್ಕರ ಮನೆಯವರ ಒಂದು ದಿನದ ಕೆಲಸ ಕೆಡಿಸಲು ಒಪ್ಪುವುದಿಲ್ಲ. ನೀವು ಈಗ ಅವರನ್ನು ಒಪ್ಪಿಸಬೇಕು.

ರಾತ್ರಿ ತಲೆನೋವು, ವಾಂತಿ ಬಂದಾಗ ಪಿತ್ತ ಅಂದುಕೊಂಡಿರಿ. ಅದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಇಂಥ ಕಣ್ಣಿನ ನೋವು ಹಣೆ, ಹಲ್ಲು, ತಲೆಯ ಅರ್ಧ ಭಾಗಕ್ಕೆಲ್ಲ ಹರಡುತ್ತದೆ. ವಾಂತಿಯೂ ಸೇರಿಕೊಂಡರೆ ಗ್ಯಾಸ್ಟ್ರಿಕ್ ಅಂತಲೋ, ಅರೆತಲೆನೋವು ಅಂತಲೋ ಯಾರಿಗಾದರೂ ಅನ್ನಿಸುತ್ತದೆ. ಗುರುತಿಸಲು ಒಂದು ಸುಲಭ ದಾರಿ ಇದೆ. ಒಂದೇ ಕಡೆ ತಲೆನೋವು, ಅದೇ ಕಡೆ ಕಣ್ಣು ಕೆಂಪು, ಅದೇ ಕಣ್ಣಿನ ನೋಟ ಮಬ್ಬು: ಈ ಮೂರೂ ಸೇರಿದರೆ ಕಣ್ಣಿನ ಡಾಕ್ಟರ್ ಹತ್ತಿರವೇ ಹೋಗಬೇಕು, ಅದೂ ಅದೇ ದಿನ.

ಮೆಡಿಕಲ್ ಶಾಪಿನಿಂದ ತಂದ ಡ್ರಾಪ್ಸ್ ಬಾಟಲಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಿ. ಕೆಂಪು ಕಣ್ಣಿಗೆ ಸುಮ್ನೆ ಕೊಡುವ ಡ್ರಾಪ್ಸ್‌ನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಅದನ್ನು ಬಹಳ ದಿನ ಹಾಕಿದರೆ ಕೆಲವರಿಗೆ ಅದರಿಂದಲೇ ಒತ್ತಡ ಏರುತ್ತದೆ. ಉರಿಯೂತ ಇಳಿಸಲು ನಾವೂ ಸ್ಟೀರಾಯ್ಡ್ ಡ್ರಾಪ್ಸ್ ಬರೆಯುತ್ತೇವೆ. ಆದರೆ ಒತ್ತಡ ನೋಡಿಕೊಂಡು, ಲೆಕ್ಕ ಇಟ್ಟುಕೊಂಡು ಬರೆಯುತ್ತೇವೆ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಎದೆಹಾಲು ಇವೇನನ್ನೂ ಈ ಕಣ್ಣಿಗೆ ಹಾಕಬೇಡಿ. ಆಪರೇಷನ್ ಮುಂದಿರುವ ಕಣ್ಣಿಗೆ ಒಂದಿಷ್ಟು ಸೋಂಕು ಸೇರಿದರೂ ಕಷ್ಟ.

ಲೇಸರ್ ಬಗ್ಗೆ ಕೇಳಿದ್ದೀರಿ. ಐರಿಸ್‌ನ ಅಂಚಿನಲ್ಲಿ ಲೇಸರ್‌ನಿಂದ ಸಣ್ಣ ರಂಧ್ರ ಮಾಡಬಹುದು. ನೀರು ಪಾಪೆಯನ್ನು ಬಿಟ್ಟು ಆ ದಾರಿಯಲ್ಲಿ ಮುಂದೆ ಬರುತ್ತದೆ. ಪಾಪೆಯಲ್ಲಿ ನೀರು ತಡೆದಿರುವುದಷ್ಟೇ ತೊಂದರೆ ಆಗಿದ್ದರೆ ಇದು ಒಳ್ಳೆಯ ಚಿಕಿತ್ಸೆ. ಊದಿದ ಲೆನ್ಸ್ ಹಿಂದಿನಿಂದ ತಳ್ಳುತ್ತಾ ಇದ್ದರೆ ರಂಧ್ರ ಮಾಡಿಯೂ ಕೋನ ಪೂರ್ತಿ ತೆರೆಯದು. ಕೆಲವು ಕಡೆ ಆಪರೇಷನ್ ತನಕ ಸಮಯ ಗಳಿಸಲು ಮೊದಲು ಲೇಸರ್ ಮಾಡುತ್ತಾರೆ. ಅದು ಡಾಕ್ಟರ್ ಕಣ್ಣು ನೋಡಿ ಮಾಡುವ ತೀರ್ಮಾನ. ಆಪರೇಷನ್ ಬದಲಿಗೆ ಲೇಸರ್ ಅಂತ ಅಂದುಕೊಳ್ಳಬೇಡಿ. ಲೇಸರ್‌ನಿಂದ ಪೊರೆಯಂತೂ ಕರಗುವುದಿಲ್ಲ.

ಇನ್ನು ಆಪರೇಷನ್. ಕಾರ್ನಿಯಾ ತಿಳಿಯಾಗಿ, ಕೆಂಪು ಇಳಿದು, ಒತ್ತಡ ಹತೋಟಿಗೆ ಬಂದ ಕೂಡಲೇ ಮಾಡುತ್ತೇವೆ. ಒತ್ತಡ ಜಾಸ್ತಿ ಇರುವಾಗಲೇ ಕಣ್ಣು ತೆರೆದರೆ ಒಳಗೆ ರಕ್ತಸ್ರಾವ ಆಗುವ ಅಪಾಯ ಇದೆ. ಅದು ಅಪರೂಪ, ಆದರೆ ಹಾಗಾದರೆ ಕಣ್ಣೇ ಹೋಗಬಹುದು. ಅಮ್ಮನ ಒತ್ತಡ ಈಗ 20 ಇದೆ ಅನ್ನುವುದು ಅದಕ್ಕೇ ಒಳ್ಳೆಯ ಸುದ್ದಿ. ಕಣ್ಣಿನ ಪಕ್ಕದಲ್ಲಿ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಅಮ್ಮ ಎಚ್ಚರವಾಗಿಯೇ ಇರುತ್ತಾರೆ. ಕೆಮ್ಮು, ಉಬ್ಬಸ ಇದ್ದರೆ ಅಲುಗಾಡದೆ ಮಲಗುವುದು ಕಷ್ಟ. ಅದನ್ನು ಮೊದಲೇ ಹೇಳಿದರೆ ಅದಕ್ಕೆ ತಕ್ಕ ಹಾಗೆ ಸಿದ್ಧತೆ ಮಾಡಿಕೊಳ್ಳುತ್ತಾರೆ.

ಬೆಳ್ಳಗೆ ಊದಿದ ಪೊರೆಯನ್ನು ತೆಗೆಯುವುದು ಮಾಮೂಲಿ ಪೊರೆ ತೆಗೆದ ಹಾಗೆ ಇರುವುದಿಲ್ಲ. ಲೆನ್ಸ್‌ನ ಸುತ್ತ ತೆಳ್ಳನೆಯ ಚೀಲ ಇರುತ್ತದೆ. ಅದರ ಮುಂಭಾಗದಲ್ಲಿ ದುಂಡಗೆ ಒಂದು ಬಾಯಿ ಮಾಡಿ ಒಳಗಿನದನ್ನು ತೆಗೆಯಬೇಕು. ಬಿಳಿ ಲೆನ್ಸ್ ಮೇಲೆ ಆ ಚೀಲ ಕಾಣುವುದೇ ಇಲ್ಲ. ಅದಕ್ಕೆ ಟ್ರಿಪಾನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕುತ್ತೇವೆ. ಚೀಲ ನೀಲಿಯಾಗಿ ಎದ್ದು ಕಾಣುತ್ತದೆ. ಒಳಗೆ ಒತ್ತಡ ಇರುವುದರಿಂದ ಸೂಜಿ ತಾಗಿದ ತಕ್ಷಣ ಬಿಳಿ ದ್ರವ ನುಗ್ಗಿ ಬರುತ್ತದೆ. ಕೆಲವೊಮ್ಮೆ ಚೀಲ ನಾವು ಹೇಳಿದ ಹಾಗೆ ಕೇಳದೆ ಅಂಚಿನ ತನಕ ಹರಿದುಬಿಡುತ್ತದೆ. ನೀಲಿಯ ನಡುವೆ ಬಿಳಿ ಪಟ್ಟಿ ಕಾಣುವುದರಿಂದ ಸರ್ಜನ್‌ಗಳು ಅದಕ್ಕೆ ಅರ್ಜೆಂಟೀನಾ ಬಾವುಟ ಅನ್ನುತ್ತಾರೆ. ಹಾಗಾಗಬಾರದು ಅಂತ ಮೊದಲು ಆ ದ್ರವವನ್ನು ಸೂಜಿಯಿಂದ ಎಳೆದು ತೆಗೆದು ಒತ್ತಡ ಇಳಿಸಿಕೊಳ್ಳುತ್ತೇವೆ. ಲೆನ್ಸ್ ಹೊರಗೆ ಬಂದ ಮೇಲೆ ಮೈಕ್ರೋಸ್ಕೋಪಿನಲ್ಲಿ ಕಾಣುವುದು ನನಗೆ ಇವತ್ತಿಗೂ ಸಮಾಧಾನ ಕೊಡುತ್ತದೆ. ಅಷ್ಟು ಹೊತ್ತು ಕಾರ್ನಿಯಾಗೆ ಅಂಟಿದ ಹಾಗಿದ್ದ ಐರಿಸ್ ಹಿಂದೆ ಸರಿದು ಚಪ್ಪಟೆಯಾಗುತ್ತದೆ, ಇವೆರಡರ ನಡುವಿನ ಜಾಗ ಆಳವಾಗಿ ತೆರೆದುಕೊಳ್ಳುತ್ತದೆ.

ಫೇಕೋ ಮಾಡಿಸಬೇಕಾ, ಮಾಮೂಲಿ ಹೊಲಿಗೆಯಿಲ್ಲದ ಆಪರೇಷನ್ ಸಾಕಾ ಅಂತ ಜನ ತುಂಬಾ ಕೇಳುತ್ತಾರೆ. ಫೇಕೋದಲ್ಲಿ 3 ಮಿಲಿಮೀಟರ್‌ಗಿಂತ ಸಣ್ಣ ಗಾಯದಿಂದ ಲೆನ್ಸನ್ನು ಪುಡಿಮಾಡಿ ಹೀರುತ್ತಾರೆ. ಇನ್ನೊಂದರಲ್ಲಿ ಸುಮಾರು 6ರಿಂದ 7 ಮಿಲಿಮೀಟರ್ ದಾರಿ ಮಾಡಿ ಲೆನ್ಸನ್ನು ಇಡಿಯಾಗಿ ತೆಗೆಯುತ್ತಾರೆ. ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ. ಗಟ್ಟಿ ಪೊರೆಗೆ, ಕಾರ್ನಿಯಾ ಆಗಲೇ ದಣಿದಿರುವ ಕಣ್ಣಿಗೆ ಎರಡನೆಯದೇ ಎಷ್ಟೋ ಸಲ ಒಳ್ಳೆಯದು. ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನು ಮಾಡಲು ಬಿಡಿ. ಕಡಿಮೆ ಖರ್ಚಿನದು ಅಂತ ಕಳಪೆ ಅಂದುಕೊಳ್ಳಬೇಡಿ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ, ನಮ್ಮ ಹಾಸನದ ಹಿಮ್ಸ್‌ನಂಥ ಕಡೆ, ಇಂಥ ಕಣ್ಣುಗಳನ್ನು ನೋಡಿ ಅಭ್ಯಾಸ ಇರುವವರು ಇರುತ್ತಾರೆ. ಖರ್ಚಿನ ಚಿಂತೆ ಇದ್ದರೆ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ ಅಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಬಗ್ಗೆ ಸಹಾಯ ಮಾಡುವ ಆರೋಗ್ಯ ಮಿತ್ರರನ್ನು ವಿಚಾರಿಸಿ.

ಅಪಾಯಗಳನ್ನೂ ಮುಚ್ಚಿಡದೆ ಹೇಳಬೇಕು. ಮಾಮೂಲಿ ಪೊರೆ ಆಪರೇಷನ್‌ಗಿಂತ ಇಲ್ಲಿ ತೊಂದರೆಗಳು ಜಾಸ್ತಿ. ಚೀಲದ ಹಿಂಭಾಗ ಹರಿಯಬಹುದು. ಆಗ ಲೆನ್ಸ್ ಕೂರಿಸಲು ಬೇರೆ ವಿಧಾನ ಬೇಕಾಗುತ್ತದೆ, ಕೆಲವೊಮ್ಮೆ ಆ ದಿನ ಲೆನ್ಸ್ ಹಾಕಲು ಆಗುವುದೇ ಇಲ್ಲ. ಕಾರ್ನಿಯಾ ಊದಿಕೊಂಡು ಕೆಲವು ವಾರ ಮಬ್ಬಾಗಿರಬಹುದು, ಅಪರೂಪಕ್ಕೆ ಹಾಗೇ ಉಳಿಯಬಹುದು. ಮೊದಲ ದಿನ ಒತ್ತಡ ಸ್ವಲ್ಪ ಏರಬಹುದು, ಅದಕ್ಕೆ ಔಷಧಿ ಇದೆ. ಸೋಂಕು ಅಪರೂಪ, ಆದರೆ ಗಂಭೀರ. ಬಿಳಿ ಪೊರೆಯಲ್ಲಿ ಲೆನ್ಸ್ ಪವರ್ ಅಳೆಯುವುದು ಅಷ್ಟು ಕರಾರುವಾಕ್ಕಾಗಿ ಆಗುವುದಿಲ್ಲ. ಆಮೇಲೆ ದೂರಕ್ಕೂ ಒಂದಿಷ್ಟು ಪವರ್‌ನ ಕನ್ನಡಕ ಬಂದರೆ ಆಪರೇಷನ್ ಕೆಟ್ಟಿತು ಅಂದುಕೊಳ್ಳಬೇಡಿ. ಇಷ್ಟೆಲ್ಲ ಇದ್ದರೂ ಆಪರೇಷನ್ ಮಾಡಿಸದೆ ಬಿಡುವ ಅಪಾಯ ಇದಕ್ಕಿಂತ ದೊಡ್ಡದು. ಬಿಟ್ಟರೆ ನರ ಸಾಯುತ್ತದೆ, ಕಣ್ಣು ಕುರುಡಾಗುತ್ತದೆ, ಕುರುಡಾದ ಮೇಲೂ ನೋವು ನಿಲ್ಲುವುದಿಲ್ಲ.

ದೃಷ್ಟಿ ಎಷ್ಟು ಬರುತ್ತದೆ? ಅದನ್ನು ತೀರ್ಮಾನಿಸುವುದು ಆ ನಾಲ್ಕು ದಿನ 54ರ ಒತ್ತಡದಲ್ಲಿ ನರ ಎಷ್ಟು ಪೆಟ್ಟು ತಿಂದಿದೆ ಅನ್ನುವುದು. ಬಿಳಿ ಪೊರೆ ಅಡ್ಡ ಇರುವುದರಿಂದ ಈಗ ನರ ನಮಗೆ ಕಾಣುವುದಿಲ್ಲ. ಸ್ಕ್ಯಾನಿಂಗ್ ಮಾಡಿ ಕಣ್ಣಿನ ಹಿಂಭಾಗದ ಪರದೆ (ರೆಟಿನಾ) ಕಳಚಿಲ್ಲ ಅಂತ ನೋಡಿಕೊಳ್ಳಬಹುದು ಅಷ್ಟೆ. ಹಾಗಾಗಿ ಟಾರ್ಚ್ ಪರೀಕ್ಷೆಗೆ ಬಹಳ ಬೆಲೆ. ಅಮ್ಮ ನಾಲ್ಕೂ ಕಡೆಯ ಬೆಳಕನ್ನು ಸರಿಯಾಗಿ ಹೇಳುತ್ತಿದ್ದಾರೆ ಅಂದಿರಿ. ಅದು ಆಶಾದಾಯಕ. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು ಲೆನ್ಸ್‌ನಿಂದ ಗ್ಲಾಕೋಮಾ ಬಂದ 93 ಜನರನ್ನು ಗಮನಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ತೊಂದರೆ ಶುರುವಾಗಿ 5 ದಿನ ದಾಟಿದವರಲ್ಲಿ, ಮತ್ತು 60 ವರ್ಷ ಮೀರಿದವರಲ್ಲಿ, ದೃಷ್ಟಿ ಚೆನ್ನಾಗಿ ಬರದೇ ಇರುವ ಸಂಭವ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಅಮ್ಮನ ವಯಸ್ಸು ನಮ್ಮ ಕೈಯಲ್ಲಿಲ್ಲ. ದಿನದ ಲೆಕ್ಕದಲ್ಲಿ ನೀವು ಗಡಿಯ ಈಚೆಗೇ ಚಿಕಿತ್ಸೆ ಶುರು ಮಾಡಿಸಿದ್ದೀರಿ. ಎಡಗಣ್ಣಿನಷ್ಟೇ ಕಾಣುತ್ತದೆ ಅಂತ ಮಾತ್ರ ಯಾರೂ ಭರವಸೆ ಕೊಡಲಾರರು, ಕೊಟ್ಟರೆ ನಂಬಬೇಡಿ.

ಈಗ ಶುಗರ್ ಮತ್ತು ಉಬ್ಬಸ. ನಿಮ್ಮ ಪತ್ರದಲ್ಲಿ ನನಗೆ ಥಟ್ಟನೆ ಚಿಂತೆ ಹುಟ್ಟಿಸಿದ್ದು ಉಬ್ಬಸ. ಕಣ್ಣಿನ ಒತ್ತಡಕ್ಕೆ ತುಂಬಾ ಬಳಸುವ ಟಿಮೊಲಾಲ್ ಅನ್ನುವ ಡ್ರಾಪ್ಸ್ ಉಬ್ಬಸ ಇರುವವರಿಗೆ ಕೊಡಬಾರದು. ಕಣ್ಣಿಗೆ ಹಾಕಿದ ಹನಿ ಮೂಗಿನ ಮೂಲಕ ರಕ್ತಕ್ಕೆ ಸೇರುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಒಂದೇ ಬಾಟಲಿಯಲ್ಲಿ ಎರಡು ಔಷಧಿ ಇರುವ ಡ್ರಾಪ್ಸ್‌ಗಳಲ್ಲೂ ಎಷ್ಟೋ ಸಲ ಇದು ಸೇರಿರುತ್ತದೆ. ಈ ಉತ್ತರ ಓದಿದ ಕೂಡಲೇ ಬಾಟಲಿ ಮೇಲಿನ ಹೆಸರು ಓದಿ. ಟಿಮೊಲಾಲ್ ಅಂತ ಇದ್ದರೆ ಇವತ್ತೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ, ಅಮ್ಮನಿಗೆ ಉಬ್ಬಸ ಇದೆ ಅಂತ ಹೇಳಿ. ಬದಲಿ ಔಷಧಿ ಇದೆ, ಬರೆದುಕೊಡುತ್ತಾರೆ. ಅಮ್ಮನಿಗೆ ಈಗಾಗಲೇ ಉಸಿರು ಕಟ್ಟುತ್ತಿದ್ದರೆ ಫೋನ್‌ಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್‌ಹೇಲರ್ ಬಳಸುವುದಾದರೆ ಆಪರೇಷನ್ ದಿನ ಜೊತೆಗೇ ಇರಲಿ.

ಡಯಾಮಾಕ್ಸ್ ಮಾತ್ರೆಯಿಂದ ಕೈಕಾಲು ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಊಟ ಸೇರುವುದಿಲ್ಲ. ಅಷ್ಟಕ್ಕೆ ಗಾಬರಿ ಬೇಡ. ಆದರೆ ಶುಗರ್ ಇರುವವರಿಗೆ ಕಿಡ್ನಿ ದುರ್ಬಲವಾಗಿದ್ದರೆ ಈ ಮಾತ್ರೆ ಅಪಾಯ, ಪೊಟ್ಯಾಸಿಯಂ ಕೂಡ ಇಳಿಯುತ್ತದೆ. ಸಲ್ಫಾ ಔಷಧಿಯ ಅಲರ್ಜಿ ಇದ್ದರೂ ಹೇಳಬೇಕು. ಡ್ರಾಪ್ಸ್, ಮಾತ್ರೆಯಲ್ಲೇ ಎರಡು ತಿಂಗಳು ತಳ್ಳುವ ಯೋಚನೆ ಇದಕ್ಕೂ ಸರಿಯಲ್ಲ. ಶುಗರ್ ಜಾಸ್ತಿ ಇದ್ದರೆ ಆಪರೇಷನ್‌ಗೆ ಮೊದಲು ಇಳಿಸಲೇಬೇಕು. ಬೇಕಾದರೆ ಒಂದೆರಡು ದಿನ ಇನ್ಸುಲಿನ್ ಕೊಟ್ಟಾದರೂ ಇಳಿಸುತ್ತಾರೆ. ಪೊರೆ ತೆಗೆದ ಮೇಲೆ ಶುಗರ್‌ನಿಂದ ಕಣ್ಣಿನ ಹಿಂಭಾಗದ ಪರದೆಗೆ ಏನಾದರೂ ಆಗಿದೆಯಾ ಅಂತ ನೋಡಿಸಿ.

ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಡ್ರಾಪ್ಸ್ ಹಾಕಬೇಕು. ಮೊದಲ ಎರಡು ವಾರ ಕಣ್ಣಿಗೆ ನೀರು ತಾಗಬಾರದು, ತಲೆಗೆ ಸ್ನಾನ ಬೇಡ. ಬಚ್ಚಲ ಒಲೆ ಊದುವುದು, ಸೌದೆ ಎತ್ತುವುದು, ಕಾಫಿ ಕಣದ ದೂಳಿನಲ್ಲಿ ನಿಲ್ಲುವುದು ಡಾಕ್ಟರ್ ಹೇಳುವ ತನಕ ಬೇಡ. ಈ ವರ್ಷದ ಕಣದ ಕೆಲಸಕ್ಕೆ ಅಮ್ಮನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೋವು ಜಾಸ್ತಿಯಾದರೆ, ಕೆಂಪು ಏರಿದರೆ, ಬಂದ ದೃಷ್ಟಿ ಮತ್ತೆ ಇಳಿದರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ತೋರಿಸಿ. ಒತ್ತಡ ನಾರ್ಮಲ್‌ಗೆ ಬಂದ ಮೇಲೂ ಆರು ತಿಂಗಳಿಗೊಮ್ಮೆಯಾದರೂ ಎರಡೂ ಕಣ್ಣಿನ ಒತ್ತಡ, ನರ ನೋಡಿಸುತ್ತಾ ಇರಿ. ಎಡಗಣ್ಣಿನ ಲೆನ್ಸ್ ಆಗಲೇ ತೆಗೆದಿರುವುದರಿಂದ ಅಲ್ಲಿ ಹೀಗೆ ಊದುವ ಭಯ ಇಲ್ಲ.

ಕೊನೆಗೆ ಅಪ್ಪನ ವಿಷಯ. ಅಮ್ಮನ ಆಪರೇಷನ್‌ಗೆ ಹೋಗುವ ದಿನವೇ ಅವರನ್ನೂ ಕರೆದುಕೊಂಡು ಹೋಗಿ, ಒತ್ತಡ ಮತ್ತು ಕೋನ ಎರಡನ್ನೂ ನೋಡಿಸಿ. ಕೋನ ನೋಡಲು ಕಣ್ಣಿನ ಮೇಲೆ ಒಂದು ಸಣ್ಣ ಲೆನ್ಸ್ ಇಟ್ಟು ಪರೀಕ್ಷಿಸುತ್ತಾರೆ, ನೋವಾಗುವುದಿಲ್ಲ. ‘ಕೋನ ತೆರೆದಿದೆಯಾ’ ಅಂತ ನೀವೇ ಬಾಯಿಬಿಟ್ಟು ಕೇಳಿ. ತೆರೆದಿದೆ, ಪೊರೆಯೂ ಈಗಷ್ಟೇ ಶುರು ಅಂದರೆ ಅವರು ಕೊಯ್ಲು ಮುಗಿಸಿಕೊಂಡು ಬರಲಿ, ನನ್ನ ತಕರಾರಿಲ್ಲ. ಕಿರಿದಾಗಿದೆ ಅಂದರೆ ಲೇಸರ್ ಮಾಡಿಸಬೇಕಾ, ಲೆನ್ಸನ್ನೇ ಬೇಗ ತೆಗೆಸಬೇಕಾ ಅಂತ ಮಾತಾಡಬೇಕು. ಕೋನ ಮುಚ್ಚಿ ಒತ್ತಡ ಏರಿದವರಿಗೆ ಪೊರೆ ಬರುವ ಮೊದಲೇ ಲೆನ್ಸ್ ತೆಗೆಯುವುದು ಲೇಸರ್‌ಗಿಂತ ಒಳ್ಳೆಯ ಫಲ ಕೊಟ್ಟಿತು ಅಂತ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಈಗಲ್ ಅಧ್ಯಯನ ತೋರಿಸಿತು. ಐದು ದೇಶಗಳ 419 ಜನ ಅದರಲ್ಲಿದ್ದರು. ಅದು ಕೋನ ಕಿರಿದಾದ ಎಲ್ಲರಿಗೂ ಅನ್ವಯಿಸುವುದಿಲ್ಲ. ಅಪ್ಪನ ಕಣ್ಣು ನೋಡಿದವರೇ ಅದನ್ನು ಹೇಳಬೇಕು. ಕೋನ ಕಿರಿದು ಅಂತ ಗೊತ್ತಾದರೆ ಶೀತಕ್ಕೆ, ನಿದ್ದೆಗೆ ಅಂತ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗದಿರಲಿ. ಅಂಥ ಕೆಲವು ಮಾತ್ರೆಗಳು ಪಾಪೆಯನ್ನು ಅಗಲ ಮಾಡಿ ಕೋನವನ್ನು ಮುಚ್ಚಿಸಬಹುದು. ರಾತ್ರಿ ಹೊತ್ತು ಬಲ್ಬ್ ಸುತ್ತ ಬಣ್ಣದ ಉಂಗುರ ಕಾಣುತ್ತದಾ ಅಂತಲೂ ಅವರನ್ನು ಒಂದು ಸಲ ಕೇಳಿನೋಡಿ. ಹೌದು ಅಂದರೆ ಅಮ್ಮನ ಆಪರೇಷನ್ ದಿನದ ತನಕವೂ ಬೇಡ, ನಾಳೆಯೇ ತೋರಿಸಿ.